ವಠಾರದ ಮಣ್ಣು

ಜೂನ್ ೧೦, ಸೋಮವಾರ

ಲಕ್ಷ್ಮವ್ವ ಎಂಬಾಕೆ ಇವತ್ತು ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಮಗುವಿನ ಹೆಸರು ನೀಲಮ್ಮ, ಕರೆಯುವುದು ನೀಲಾ. ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಎಂದಿನಂತೆ ನೆಲದ ಮೇಲೆ ಚಾಪೆ ಹಾಸಿ ಕೂತೆ. ಮಗುವನ್ನು ಮುಟ್ಟದೆ ಮೊದಲು ತಾಯಿಯ ಹತ್ತಿರ ಮಾತಾಡಿದೆ. ಮಗು ನಮ್ಮಿಬ್ಬರ ಮುಖ ನೋಡಿ, ಈ ಹೆಂಗಸಿನಿಂದ ತನಗೇನೂ ಅಪಾಯವಿಲ್ಲ ಎಂದು ತಾನೇ ತೀರ್ಮಾನಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ದೊಡ್ಡ ಆಸ್ಪತ್ರೆಯಲ್ಲಿದ್ದಾಗ ಆ ಹೊತ್ತನ್ನು ಯಾರೂ ಕೊಡುತ್ತಿರಲಿಲ್ಲ. ಅದಕ್ಕೇ ಕೆಲಸ ಬಿಟ್ಟು ಅತ್ತಿಬೆಲೆ ರಸ್ತೆಯಲ್ಲಿ ಈ ಕ್ಲಿನಿಕ್ ತೆರೆದೆ.

ಲಿಂಗಸುಗೂರಿನ ಕಡೆಯವರು. ಗಂಡ ಇರಣ್ಣನಿಗೆ ನಮ್ಮ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಕೆಲಸ. ಮಗು ಸರಿಯಾಗಿ ಉಣ್ಣುವುದಿಲ್ಲ, ಅಂಗಳದ ಮಣ್ಣು ತಿನ್ನುತ್ತಾಳೆ. ಬೇರೆ ಡಾಕ್ಟರು ಕೊಟ್ಟ ಕಬ್ಬಿಣದ ಟಾನಿಕ್ಕನ್ನು ತಿಂಗಳುಗಟ್ಟಲೆ ಕುಡಿಸಿದರೂ ರಕ್ತ ಏರಿಲ್ಲ. ಮಗು ಮಣ್ಣು ತಿನ್ನುವಾಗ ನೀನು ಎಲ್ಲಿರುತ್ತೀ ಎಂದು ಅವರು ಬೈದು ಕಳಿಸಿದರಂತೆ. ಅದನ್ನು ಹೇಳುವಾಗ ತಲೆ ಬಗ್ಗಿಸಿದಳು.

ಎಲ್ಲ ತಾಯಂದಿರನ್ನು ಕೇಳುವಂತೆ ಅವಳನ್ನೂ ಕೇಳಿದೆ: "ನಿಮಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಆಗ್ತಿರೋದು ಯಾವುದಕ್ಕೆ?"

"ಮಾತು ಬಿಟ್ಟಾಳ್ರಿ. ಯುಗಾದಿ ಮುಂದ ಚಂದ ಮಾತಾಡ್ತಿದ್ಲು. ಈಗ ಅವ್ವಾ ಅನ್ನೂದೂ ಇಲ್ಲ."

ಮಾತು ತಡವಾದ ಮಕ್ಕಳನ್ನು ದಿನವೂ ನೋಡುತ್ತೇನೆ. ಇದು ಅದಲ್ಲ. ಬಂದಿದ್ದ ಮಾತು ಹೋಗಿದೆ.

ಜೂನ್ ೧೨

ಮಧ್ಯಾಹ್ನ ನರ್ಸ್ ವೇಣಿಯನ್ನು ಕರೆದುಕೊಂಡು ನೀಲಾಳ ಮನೆಗೆ ಹೋಗಿದ್ದೆ. ಎರಡು ವರ್ಷದಿಂದ ಇಲ್ಲಿದ್ದೇನೆ, ಕಟ್ಟಡದ ಹಿಂದೆ ಏನಿದೆ ಎಂದು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಇಡೀ ಜಾಗ ನನ್ನ ಕ್ಲಿನಿಕ್ಕಿನ ಮಾಲೀಕರಾದ ವೆಂಕಟೇಶಪ್ಪನವರದು. ಒಂದು ಕಾಲಕ್ಕೆ ರಾಗಿ ಹೊಲ. ಈಗ ರಸ್ತೆಗೆ ನಮ್ಮ ಕಟ್ಟಡ, ಅದರ ಹಿಂದೆ ಅವರ ಮೂರಂತಸ್ತಿನ ಮನೆ, ಮನೆಯ ಬೆನ್ನಿಗೆ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ವಠಾರ, ಕೊನೆಯಲ್ಲಿ ಆ ಶೆಡ್ಡು. ಅಲ್ಲಿ ಹಳೆಯ ಗಾಡಿಗಳ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುತ್ತಾರೆ. ಬಟ್ಟೆ ಒಣಹಾಕುವ ತಂತಿಯ ಮೇಲೆ, ಹೊಂಗೆ ಮರದ ಎಲೆಗಳ ಮೇಲೆ ಬೂದು ಬಣ್ಣದ ಧೂಳು. ಮಕ್ಕಳು ಬ್ಯಾಟರಿಯ ತಗಡಿನ ಚೂರುಗಳಿಂದ ಅಂಗಳ ಕೆದಕಿ ಆಡುತ್ತಿದ್ದವು. ನಾನು ನಿಂತಿರುವಾಗಲೇ ಇರಣ್ಣ ಊಟಕ್ಕೆ ಬಂದ. ಕೆಲಸದ ಅಂಗಿಯಲ್ಲೇ ಮಗಳನ್ನು ಎತ್ತಿ ಎದೆಗೆ ಒತ್ತಿಕೊಂಡ. ಅವಳು ಅವನ ಕಾಲರನ್ನು ಬಾಯಿಗಿಟ್ಟುಕೊಂಡಳು.

ಸಂಜೆ ನೀಲಾಳ ರಕ್ತವನ್ನು ಸೀಸದ ಪರೀಕ್ಷೆಗೆ ಕಳಿಸಿದೆ.

ಜೂನ್ ೧೯

ನಾನು ಅಂದುಕೊಂಡದ್ದೇ. ಆಸ್ಪತ್ರೆಗೆ ಸೇರಿಸಿ ಮೈಯಿಂದ ಸೀಸ ಇಳಿಸುವ ಔಷಧಿ ಕೊಡಲೇಬೇಕಾದ ಮಟ್ಟಕ್ಕಿಂತ ಸ್ವಲ್ಪ ಕೆಳಗಿದೆ. ಅಂದರೆ ಈಗ ಅವಳಿಗೆ ಇರುವ ಔಷಧಿ ಒಂದೇ, ಆ ಧೂಳಿನಿಂದ ದೂರವಾಗುವುದು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ. ಸೀಸ ಮೈಗೆ ಹೋದರೆ ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ನೋಯುತ್ತದೆ, ಮಿದುಳಿಗೂ ಏರುತ್ತದೆ, ಏರಿದ ಮೇಲೆ ಆದ ಕೇಡು ಪೂರ್ತಿ ವಾಸಿಯಾಗುವುದಿಲ್ಲ. ಯಾವುದನ್ನೂ ಮುಚ್ಚಿಡಲಿಲ್ಲ. ತಂದೆತಾಯಿಗೆ ಅರ್ಧ ಸತ್ಯ ಹೇಳಿ ಸಮಾಧಾನ ಮಾಡುವ ಡಾಕ್ಟರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು.

ಇರಣ್ಣ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಕೇಳಿದ, "ನನ್ನ ಅಂಗೀ ಮ್ಯಾಲಿಂದ ಹೋತೇನ್ರಿ?"

ತಪ್ಪು ನಿಮ್ಮದಲ್ಲ, ನಿಮಗೆ ಯಾರೂ ಹೇಳಿರಲಿಲ್ಲ ಎಂದೆ. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕೆಲಸ ಬಿಡಲು ಆಗುತ್ತದೆಯೇ ಎಂದು ಕೇಳಿದರೆ, ಖೋಲಿ ಕೊಟ್ಟಿರುವುದೇ ಆ ಕೆಲಸಕ್ಕೆ, ಕೆಲಸ ಬಿಟ್ಟರೆ ಖೋಲಿಯನ್ನೂ ಬಿಡಬೇಕು ಅಂದ. ಹೊರಗೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಒಳಗೆ ಹೋಗುವುದು, ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹಾಲು, ಸೊಪ್ಪು, ಎಲ್ಲ ಹೇಳಿಕೊಟ್ಟೆ. ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ ಎಂದೂ ಹೇಳಿದೆ.

ಜೂನ್ ೨೨

ವೆಂಕಟೇಶಪ್ಪನವರು ಎಳನೀರು ಕೊಟ್ಟು ಕೂರಿಸಿದರು. ಮೊಮ್ಮಗ ಅಂಜನ್ ಅವರ ಹೆಗಲ ಮೇಲಿದ್ದ, ಐದು ವರ್ಷದವನು. ಸಂಜೆ ಅವನನ್ನು ಹೊತ್ತುಕೊಂಡು ಶೆಡ್ಡಿನ ತನಕ ಒಂದು ಸುತ್ತು ಹೋಗಿ ಬರುವುದು ಅವರ ರೂಢಿ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಅಂಗಲ್ಲ ಡಾಕ್ಟ್ರಮ್ಮ. ಆ ಶೆಡ್ಡು ಇವತ್ತಿಂದಲ್ಲ. ಅದ್ರಲ್ಲಿ ವಿಷ ಇದ್ದಿದ್ರೆ ನಾವೂ ಇಲ್ಲೇ ಅಲ್ವಾ ಇರೋದು? ನನ್ ಮೊಮ್ಮಗ ಇಲ್ಲೇ ಅಲ್ವಾ ಆಡೋದು? ಅವ್ನಿಗೇನಾಗೈತೆ?"

ಶೆಡ್ಡಿನವರಿಗೆ ಒಂದು ಮಾತು ಹೇಳುತ್ತೇನೆ ಎಂದರು. ಬರುವಾಗ ಹಿತ್ತಲಿನ ಸೀಬೆಹಣ್ಣು ಚೀಲ ತುಂಬಾ ಕೊಟ್ಟರು. ಮನೆಗೆ ತಂದು ಕಸದ ಬುಟ್ಟಿಗೆ ಹಾಕಿದೆ.

ಜುಲೈ ೮

ಒಂದು ಮಾತು ಹೇಳಿದ್ದರೋ ಇಲ್ಲವೋ, ಹೊಗೆ ಮಾತ್ರ ಹಾಗೇ ಇದೆ.

ವಠಾರದ ತಾಯಂದಿರನ್ನೆಲ್ಲ ಕ್ಲಿನಿಕ್ಕಿಗೆ ಕರೆದು ವಿಷಯ ತಿಳಿಸಿದೆ. ಮಕ್ಕಳ ರಕ್ತ ಪರೀಕ್ಷೆ ನನ್ನ ಖರ್ಚಿನಲ್ಲೇ ಮಾಡಿಸುತ್ತೇನೆ ಎಂದೆ. ಒಬ್ಬಾಕೆ ಎದ್ದು, ಶೆಡ್ಡು ಮುಚ್ಚಿದರೆ ನಮ್ಮ ಗಂಡಂದಿರಿಗೆ ನೀವು ಕೆಲಸ ಕೊಡುತ್ತೀರಾ ಎಂದು ಕೇಳಿದಳು. ಆಮೇಲೆ ಒಬ್ಬರೂ ಪರೀಕ್ಷೆಗೆ ಮಗುವನ್ನು ಕಳಿಸಲಿಲ್ಲ.

ಮಾಲಿನ್ಯ ನಿಯಂತ್ರಣ ಕಚೇರಿಗೆ ನನ್ನ ಹೆಸರಿನಲ್ಲೇ ದೂರು ಕೊಟ್ಟೆ. ನನ್ನ ಗಂಡ ನಂದೀಶ್ ರಾತ್ರಿ ಊಟಕ್ಕೆ ಕೂತಾಗ, ಮಗು ನೋಡುವುದು ನಿನ್ನ ಕೆಲಸ, ಊರು ರಿಪೇರಿ ಮಾಡುವುದಲ್ಲ ಅಂದರು. ದಿನವಿಡೀ ಎಲೆಕ್ಟ್ರಾನಿಕ್ ಸಿಟಿಯ ಏಸಿಯಲ್ಲಿ ಕೂರುವವರಿಗೆ ಹಾಗೆ ಅನ್ನಿಸುವುದು ಸಹಜ ಎಂದೆ. ಮಾತು ಬೆಳೆಯಿತು. ಈಗ ಇಬ್ಬರೂ ಮಾತಾಡುತ್ತಿಲ್ಲ.

ಜುಲೈ ೨೫

ನಿನ್ನೆ ಕಚೇರಿಯವರು ಬಂದಿದ್ದರು. ಅವರು ಬರುವ ಮುಂಚೆಯೇ ಶೆಡ್ಡು ತೊಳೆದು ಬೀಗ ಹಾಕಿ ಆಗಿತ್ತು. ಬೀಗ ತೆಗೆಸಿ ನೋಡಿದರೆ ಒಳಗೆ ಖಾಲಿ ಡ್ರಮ್ಮುಗಳು. ಗೋಡೌನ್ ಎಂದು ಬರೆದುಕೊಂಡು, ವೆಂಕಟೇಶಪ್ಪನವರ ಮನೆಯಲ್ಲಿ ಕಾಫಿ ಕುಡಿದು ಹೋದರು. ಅಂಗಳದ ಮಣ್ಣು ಪರೀಕ್ಷೆ ಮಾಡಿ ಎಂದು ನಾನು ಜೀಪಿನ ತನಕ ಹೋಗಿ ಕೇಳಿದೆ. ದೂರಿನಲ್ಲಿ ಮಣ್ಣಿನ ವಿಷಯ ಬರೆದಿಲ್ಲ ಮೇಡಂ, ಬೇರೆ ದೂರು ಕೊಡಿ ಎಂದು ಅವರಲ್ಲೊಬ್ಬರು ಗಾಜು ಏರಿಸಿಕೊಂಡರು.

ಇವತ್ತು ಬೆಳಿಗ್ಗೆ ಮತ್ತೆ ಹೊಗೆ.

ಆಗಸ್ಟ್ ೫

ಕ್ಲಿನಿಕ್ಕಿನ ಬೆಂಚುಗಳು ಖಾಲಿ. ಲ್ಯಾಬಿನವರಿಂದ ಕಮಿಷನ್ ತಿನ್ನಲು ಡಾಕ್ಟರಮ್ಮ ಇಲ್ಲದ ಕಾಯಿಲೆ ಹುಟ್ಟಿಸಿದ್ದಾಳೆ ಎಂದು ಮಾತಾಡಿಕೊಳ್ಳುತ್ತಿದ್ದಾರಂತೆ. ವೇಣಿ ಬಹಳ ಹಿಂಜರಿದು ಹೇಳಿದಳು. ಲಸಿಕೆ ಹಾಕಿಸಿಕೊಳ್ಳಲು ನಾನೇ ಫೋನ್ ಮಾಡಿ ಕರೆಯುತ್ತಿದ್ದ ಮಕ್ಕಳೆಲ್ಲ ಈಗ ಬಸ್ ಸ್ಟ್ಯಾಂಡ್ ಹತ್ತಿರದ ಡಾಕ್ಟರ ಕಡೆ.

ಲಕ್ಷ್ಮವ್ವ ಮಾತ್ರ ಬರುತ್ತಾಳೆ. ನಲ್ಲಿಯ ಹತ್ತಿರ ಅವಳೊಂದಿಗೆ ಯಾರೂ ಮಾತಾಡುವುದಿಲ್ಲವಂತೆ.

ದಸರಾ ಒಳಗೆ ಜಾಗ ಖಾಲಿ ಮಾಡಬೇಕು ಎಂದು ವೆಂಕಟೇಶಪ್ಪನವರು ಹೇಳಿ ಕಳಿಸಿದ್ದಾರೆ. ಕೇಕ್ ಅಂಗಡಿಯವರು ಕೇಳಿದ್ದಾರಂತೆ.

ಆಗಸ್ಟ್ ೨೦

ಕ್ಲಿನಿಕ್ ಮುಚ್ಚುವ ಹೊತ್ತಿಗೆ ವೆಂಕಟೇಶಪ್ಪನವರ ಸೊಸೆ ಕಾವ್ಯಾ ಹಿಂಬಾಗಿಲಿನಿಂದ ಬಂದಳು. ಅಂಜನ್ ಜೊತೆಗಿದ್ದ. ಮನೆಯಲ್ಲಿ ಯಾರಿಗೂ ಹೇಳದೆ ಬಂದಿದ್ದಾಳೆ. ಎಂಜಿನಿಯರಿಂಗ್ ಓದಿದ ಹುಡುಗಿ, ನಾನು ತಾಯಂದಿರಿಗೆ ಹೇಳಿದ್ದು ಕಿವಿಗೆ ಬಿದ್ದಿದೆ, ಮೊಬೈಲಿನಲ್ಲಿ ಎಲ್ಲ ಓದಿಕೊಂಡಿದ್ದಾಳೆ.

ಅಂಜನ್ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುತ್ತಾನಂತೆ. ಒಂದು ಕಡೆ ಕೂರುವುದಿಲ್ಲ. ಕಲಿತ ಅಕ್ಷರ ಮರೆಯುತ್ತಾನೆ. ಆಗಾಗ ಹೊಟ್ಟೆನೋವು. ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಚಾಪೆಯ ಮೇಲೆ ಅವನೊಂದಿಗೆ ಕಾರು ಓಡಿಸುತ್ತ ಕೂತಾಗ, ಸಂಜೆ ತಾತನೊಂದಿಗೆ ಶೆಡ್ಡಿಗೆ ಹೋದರೆ ಬೆಳ್ಳಿಯ ಹಾಗೆ ಹೊಳೆಯುವ ಉಂಡೆ ಕೊಡುತ್ತಾರೆ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ ಎಂದು ಗುಟ್ಟಾಗಿ ಹೇಳಿದ.

ಅವನ ರಕ್ತ ತೆಗೆಯುವಾಗ ಕಾವ್ಯಾ ಗೋಡೆಯ ಕಡೆ ತಿರುಗಿ ನಿಂತಳು.

ಆಗಸ್ಟ್ ೨೭

ಅಂಜನ್ ರಕ್ತದಲ್ಲೂ ಇದೆ. ನೀಲಾಳಷ್ಟಿಲ್ಲ, ಆದರೆ ಸಾಕಷ್ಟಿದೆ.

ಕಾವ್ಯಾ ಅತ್ತಳು. ಕೈ ಹಿಡಿದುಕೊಂಡು ಕೂತಿದ್ದೆ. ಅವಳು ಕೇಳಿಕೊಂಡದ್ದು ಒಂದೇ: "ಸ್ಕೂಲಲ್ಲಿ ಗೊತ್ತಾದ್ರೆ ದಡ್ಡ ಅಂತ ಮೂಲೇಲಿ ಕೂರಿಸ್ಬಿಡ್ತಾರೆ ಮೇಡಂ. ಯಾರಿಗೂ ಹೇಳ್ಬೇಡಿ." ಒಂದು ಮಗುವಿನ ಕಾಯಿಲೆಯ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ, ಇದು ನನ್ನ ವೃತ್ತಿಯ ಮೊದಲ ನಿಯಮ ಎಂದು ಮಾತು ಕೊಟ್ಟೆ. ಮಾವನಿಗೆ ಮಾತ್ರ ಇವತ್ತೇ ಹೇಳಲೇಬೇಕು, ಆ ಧೂಳು ನಿಲ್ಲದೆ ಇದಕ್ಕೆ ಬೇರೆ ಔಷಧಿಯಿಲ್ಲ ಎಂದೆ.

ಸೆಪ್ಟೆಂಬರ್ ೪

ಶೆಡ್ಡು ಮುಚ್ಚಿತು.

ನನ್ನ ದೂರಿನಿಂದ, ಕಚೇರಿಯ ಜೀಪಿನಿಂದ ಆಗದ್ದು ಒಂದೇ ವಾರದಲ್ಲಿ ಆಗಿಹೋಯಿತು. ಲಾರಿ ತುಂಬಿ ಸಾಮಾನು ಹೋಗುವುದನ್ನು ನಾನೂ ವೇಣಿಯೂ ಕಿಟಕಿಯಲ್ಲಿ ನಿಂತು ನೋಡಿದೆವು.

ಸಂಜೆ ವೆಂಕಟೇಶಪ್ಪನವರೇ ಬಂದರು. ಕೂರಿ ಎಂದರೂ ಕೂರಲಿಲ್ಲ. ಒಂದೇ ವಾರದಲ್ಲಿ ಮುದುಕರಾದ ಹಾಗಿದ್ದರು.

"ಕೇಕ್ ಅಂಗ್ಡಿಯವ್ರು ಬರಲ್ಲ ಅಂದ್ರು. ನೀವೇ ಇರಿ. ಅಗ್ರಿಮೆಂಟು ಐದು ವರ್ಷಕ್ಕೆ ಬರ್ಸಿ ಬಿಡಾನ," ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಮಗೀನ ವಿಷ್ಯ ಈ ಗೋಡೆ ದಾಟೋದು ಬ್ಯಾಡ, ಡಾಕ್ಟ್ರಮ್ಮ."

ಆ ಮಾತನ್ನು ಕಾವ್ಯಾಗೆ ಮೊದಲೇ ಕೊಟ್ಟಿದ್ದೇನೆ ಎಂದೆ. ಎಷ್ಟೋ ದಿನದ ಮೇಲೆ ಇವತ್ತು ನಂದೀಶ್ ಜೊತೆ ನಗುನಗುತ್ತ ಊಟ ಮಾಡಿದೆ. ಕೊನೆಗೂ ಗೆದ್ದೆಯಲ್ಲ ಎಂದರು.

ಸೆಪ್ಟೆಂಬರ್ ೧೨

ಇರಣ್ಣ ಒಬ್ಬನೇ ಬಂದಿದ್ದ. ಶೆಡ್ಡಿನವರು ಗಡಿಯಾಚೆ ಒಂದು ಕೆರೆಯ ಪಕ್ಕದಲ್ಲಿ ಹೊಸ ಜಾಗ ಹಿಡಿದಿದ್ದಾರೆ. ಅಲ್ಲಿಗೆ ಬಂದರೆ ಅದೇ ಕೆಲಸ, ಇರಲು ಖೋಲಿ. ಇಲ್ಲೇ ಉಳಿದರೆ ಒಂದು ರಟ್ಟಿನ ಪೆಟ್ಟಿಗೆ ಗೋಡೌನಿನಲ್ಲಿ ಕೆಲಸ ಸಿಗುತ್ತದೆ, ಸಂಬಳ ಕಡಿಮೆ. ಯಾವುದಕ್ಕೆ ಹೋಗಲಿ ಎಂದು ಕೇಳಲು ಬಂದಿದ್ದ.

ಇಲ್ಲೇ ಉಳಿಯಿರಿ ಎಂದೆ. ಅವನು ಏಳಲಿಲ್ಲ.

"ಸಾವ್ಕಾರ್ರನ್ನ ಕೇಳಿದ್ನಿರಿ. ಸೀಸ ಗೀಸ ಏನಿಲ್ಲ, ಲ್ಯಾಬಿನವ್ರು ತಪ್ಪು ಹೇಳ್ಯಾರ, ಜಾಗಕ್ಕ ಬ್ಯಾರೆ ಪಾರ್ಟಿ ಬಂದಾರಂತ ಖಾಲಿ ಮಾಡಿಸೀನಿ ಅಂದ್ರು. ಅವ್ರ ಮೊಮ್ಮಗಾನೂ ಅಲ್ಲೇ ಆಡ್ಯಾನಲ್ರಿ. ಅವ್ಗ ಏನೂ ಆಗಿಲ್ಲಲ್ರಿ?"

"ಬೇರೆ ಮಕ್ಕಳ ವಿಷಯ ಬೇಡ, ಇರಣ್ಣ. ನೀಲಾಳ ರಕ್ತದಲ್ಲಿ ಇರೋದು ನಿಜ."

"ಆಗಿಲ್ಲಲ್ರಿ?" ಎಂದು ಮತ್ತೆ ಕೇಳಿದ. ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಚೀಟಿ ಬರೆಯುತ್ತಿದ್ದೆ. ಬರೆದು ಮುಗಿಸಿ, ಹೋಗಬೇಡಿ, ಹೋದರೂ ಮಗುವನ್ನು ಕರೆದುಕೊಂಡು ಹೋಗಬೇಡಿ ಎಂದೆ. ತಲೆ ಆಡಿಸಿ ಎದ್ದು ಹೋದ.

ನಾನು ಸುಳ್ಳು ಹೇಳಲಿಲ್ಲ. ಕಾವ್ಯಾಗೆ ಮಾತು ಕೊಟ್ಟಿದ್ದೇನೆ. ಒಂದು ಮಗುವಿನ ಗುಟ್ಟನ್ನು ಇನ್ನೊಂದು ಮಗುವಿಗಾಗಿ ಒಡೆಯಬಹುದೇ ಎಂದು ಓದುವಾಗ ತರಗತಿಯಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಅಂದು ನಾನು ಯಾವ ಕಡೆ ಇದ್ದೆ, ನೆನಪಿಲ್ಲ.

ಅಗ್ರಿಮೆಂಟಿಗೆ ನಾಳೆ ಸಹಿ.

ಸೆಪ್ಟೆಂಬರ್ ೧೮

ಲಕ್ಷ್ಮವ್ವನ ಖೋಲಿಗೆ ಬೀಗ ಬಿದ್ದಿದೆ. ಮೂವರೂ ಹೋದರಂತೆ. ಅವಳ ನಂಬರಿಗೆ ಫೋನ್ ಮಾಡಿದೆ, ಕರೆ ಹೋಗಲಿಲ್ಲ. ನನ್ನ ಕೈಲಾದದ್ದನ್ನು ಹೇಳಿದ್ದೆ.

ಅಕ್ಟೋಬರ್ ೧೧, ಆಯುಧಪೂಜೆ

ಸ್ಟೆತಾಸ್ಕೋಪಿಗೂ ತೂಕದ ಯಂತ್ರಕ್ಕೂ ವೇಣಿ ಹೂವಿಟ್ಟಳು. ಬೆಂಚುಗಳು ಮತ್ತೆ ತುಂಬುತ್ತಿವೆ. ವೆಂಕಟೇಶಪ್ಪನವರು ಹೋದಲ್ಲೆಲ್ಲ ನಮ್ಮ ಡಾಕ್ಟ್ರಮ್ಮ ಎಂದು ಹೇಳುತ್ತಾರಂತೆ, ಊರಿನ ಹಳೆಯ ಮನೆತನದವರೆಲ್ಲ ಮಕ್ಕಳನ್ನು ಇಲ್ಲಿಗೇ ಕರೆತರುತ್ತಾರೆ.

ಅವರ ಮನೆಯ ಸುತ್ತ ಮಣ್ಣು ತೆಗೆಸಿ ಕಾಂಕ್ರೀಟ್ ಹಾಕಿಸಿದ್ದಾರೆ. ವಠಾರದ ಅಂಗಳ ಹಾಗೇ ಇದೆ. ಖಾಲಿಯಾದ ಖೋಲಿಗಳಿಗೆ ಹೊಸ ಬಾಡಿಗೆಯವರು ಬಂದಿದ್ದಾರೆ, ಸಣ್ಣ ಮಕ್ಕಳೂ ಇವೆ. ಆ ಮಣ್ಣನ್ನೂ ತೆಗೆಸಬೇಕು ಎಂದು ಹೇಳಬೇಕು. ಹಬ್ಬದ ದಿನ ಬೇಡವೆಂದು ಸುಮ್ಮನಾದೆ.

ನವೆಂಬರ್ ೩

ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಿದರು. ಮಕ್ಕಳ ತಾಯಿ ಎಂದು ಬಿರುದು. ನನಗೆ ಇಂಥವೆಲ್ಲ ಹಿಡಿಸುವುದಿಲ್ಲ, ಆದರೆ ವೆಂಕಟೇಶಪ್ಪನವರ ಮನಸ್ಸು ನೋಯಿಸಬಾರದು. ನಂದೀಶ್ ಫೋಟೋ ತೆಗೆದು ಹಾವೇರಿಯಲ್ಲಿರುವ ನನ್ನ ಅಮ್ಮನಿಗೆ ಕಳಿಸಿದರು.

ಮಣ್ಣಿನ ವಿಷಯ ವೇದಿಕೆಯಲ್ಲಿ ಎತ್ತುವುದು ಸರಿಯಲ್ಲ.

ನವೆಂಬರ್ ೨೬

ಅಂಜನ್ ರಕ್ತದಲ್ಲಿ ಸೀಸ ಚೆನ್ನಾಗಿ ಇಳಿದಿದೆ. ಈಗ ಅಕ್ಷರ ಮರೆಯುವುದಿಲ್ಲ, ಟೀಚರು ಹೊಗಳಿದ್ದಾರೆ. ಕಾವ್ಯಾ ರೇಷ್ಮೆ ಸೀರೆ ತಂದಿದ್ದಳು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಜನ ಜಾಸ್ತಿಯಾಗಿ ನೆಲದ ಮೇಲೆ ಕೂತರೆ ಕೆಲಸ ಸಾಗುವುದಿಲ್ಲ. ಬೆನ್ನುನೋವು ಬೇರೆ. ಮೇಜು ತರಿಸಿದ್ದೇನೆ. ಮಗುವಿಗೆ ಏನು, ಎಷ್ಟು ದಿನದಿಂದ ಎಂದು ವೇಣಿಯೇ ಮೊದಲು ಕೇಳಿ ಬರೆದುಕೊಂಡು ಬಂದರೆ ನನಗೆ ಸಲೀಸು.

ಡಿಸೆಂಬರ್ ೧೭

ವಠಾರದ ಹೊಸ ಬಾಡಿಗೆಯವಳೊಬ್ಬಳು ಮಗುವನ್ನು ತಂದಿದ್ದಳು. ಉಣ್ಣುವುದಿಲ್ಲ, ಬಿಳಿಚಿಕೊಂಡಿದೆ. ಇವತ್ತೇ ರಕ್ತ ಕಳಿಸಿದರೆ ಮತ್ತೆ ಮೊದಲಿನಿಂದ ಎಲ್ಲ ಶುರುವಾಗುತ್ತದೆ. ತಾಯಿಗೂ ಗಾಬರಿ. ಒಂದು ತಿಂಗಳು ಟಾನಿಕ್ಕು ಕೊಟ್ಟು ನೋಡೋಣ ಎಂದು ಬರೆದುಕೊಟ್ಟೆ. ಮಗು ಮಣ್ಣಿಗೆ ಕೈ ಹಾಕದಂತೆ ನೋಡಿಕೊಳ್ಳಬೇಕಾದದ್ದು ತಾಯಿಯಲ್ಲವೇ ಎಂದೆ. ಕೆಲವರಿಗೆ ಸ್ವಲ್ಪ ಗಟ್ಟಿಯಾಗಿ ಹೇಳಿದರೇ ನಾಟುವುದು.

ಜನವರಿ ೯, ಗುರುವಾರ

ಇವತ್ತು ಬೆಂಚುಗಳೆಲ್ಲ ತುಂಬಿದ್ದ ಹೊತ್ತಿನಲ್ಲಿ ಲಕ್ಷ್ಮವ್ವ ನೇರ ಒಳಗೆ ಬಂದಳು. ಸೊಂಟದ ಮೇಲೆ ನೀಲಾ. ಮೊದಲಿಗೆ ಗುರುತೇ ಸಿಗಲಿಲ್ಲ. ತಲೆ ಒಂದು ಕಡೆಗೆ ವಾಲಿತ್ತು, ಬಲಗೈ ಮಡಚಿಕೊಂಡಿತ್ತು, ಬಾಯಿಂದ ಜೊಲ್ಲು ಸೋರುತ್ತಿತ್ತು.

ದೀಪಾವಳಿ ಆದ ಮೇಲೆ ವಾಂತಿ ಶುರುವಾಯಿತಂತೆ. ಹೊಸ ಶೆಡ್ಡಿನಲ್ಲಿ ಖೋಲಿಗೂ ಕುಲುಮೆಗೂ ನಡುವೆ ಒಂದೇ ಗೋಡೆ. ಆಮೇಲೆ ಫಿಟ್ಸ್. ದೊಡ್ಡಾಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಎಷ್ಟು ಸಲ ಬಂತೋ ಗೊತ್ತಿಲ್ಲವಂತೆ. ಸೀಸ ಇಳಿಸುವ ಔಷಧಿ ಕೊಟ್ಟು ಜೀವ ಉಳಿಸಿದ್ದಾರೆ. ಇಷ್ಟೇ ಆಗುವುದು, ಇನ್ನು ಮುಂದೆ ಹೀಗೇ ಎಂದು ಹೇಳಿ ಕಳಿಸಿದ್ದಾರೆ. ಇರಣ್ಣ ಕೆಲಸ ಬಿಟ್ಟಿದ್ದಾನೆ. ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ.

ಕೈಗೆ ವ್ಯಾಯಾಮ ಮಾಡಿಸಬೇಕು, ಫಿಟ್ಸ್ ಮಾತ್ರೆ ತಪ್ಪಿಸಬಾರದು ಎಂದು ಹೇಳಲು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

"ಸಾವ್ಕಾರ್ರ ಮನ್ಯಾಗ ಪಾತ್ರಿ ತಿಕ್ಕಾಕಿ ಹೇಳಿದ್ಳ್ರಿ. ಅವ್ರ ಮೊಮ್ಮಗಗೂ ಇದ ಆಗಿತ್ತಂತ. ಶೆಡ್ಡು ತಗಿಸಿದ್ದೂ ಅದಕ್ಕಂತ." ಮಗುವಿನ ಜೊಲ್ಲನ್ನು ಸೆರಗಿನಲ್ಲಿ ಒರೆಸಿದಳು. "ನನ್ನ ಗಂಡ ಬಂದು ಕೇಳಿದ ದಿನ ನಿಮಗ ಗೊತ್ತಿತ್ತೇನ್ರಿ?"

ವೇಣಿ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಮಕ್ಕಳು ಅಳುತ್ತಿದ್ದವು.

"ನೋಡಮ್ಮ, ಬೇರೆ ಪೇಷಂಟ್ ವಿಷಯ ನಾನು ಮಾತಾಡೋ ಹಾಗಿಲ್ಲ," ಎಂದೆ.

"ಗೊತ್ತಿತ್ತು ಅಂದಂಗಾತು," ಅಂದಳು. ದನಿ ಏರಿಸಲಿಲ್ಲ. "ಒಂದು ಮಾತು ಅಂದಿದ್ರ ಅಂವ ಹೋಗ್ತಿರಲಿಲ್ರಿ. ಅಷ್ಟ ಕೇಳಾಕ ಬಂದಿದ್ದ."

ನಾನು ಬರೆದ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಹೋಗಬೇಡಿ ಎಂದು ಅವತ್ತು ಸ್ಪಷ್ಟವಾಗಿ ಹೇಳಿದ್ದೆ. ಅದನ್ನು ಅವಳು ಎತ್ತಲೇ ಇಲ್ಲ. ಆ ಮಗುವಿಗಾಗಿ ನಾನು ಕ್ಲಿನಿಕ್ ಕಳೆದುಕೊಳ್ಳುವುದರಲ್ಲಿದ್ದೆ, ಅದೂ ಅವಳಿಗೆ ನೆನಪಿಲ್ಲ. ಅಷ್ಟು ಜನರ ಮುಂದೆ ಆ ಧಾಟಿಯಲ್ಲಿ ಮಾತಾಡಬಾರದಿತ್ತು. ತಾಯಂದಿರ ಸಂಕಟ ನನಗೆ ಅರ್ಥವಾಗದ್ದೇನಲ್ಲ, ಎಲ್ಲದಕ್ಕೂ ಯಾರನ್ನಾದರೂ ಹೊಣೆ ಮಾಡದೆ ಅವರಿಗೆ ಸಮಾಧಾನವಾಗುವುದಿಲ್ಲ.

ಸಂಜೆ ಬಾಗಿಲು ಹಾಕುವಾಗ ವೇಣಿಯೂ ಸರಿಯಾಗಿ ಮಾತಾಡಲಿಲ್ಲ. ಇನ್ನು ಮೇಲೆ ಟೋಕನ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಡ ಎಂದು ಅವಳಿಗೆ ಹೇಳಿದ್ದೇನೆ.